ತಾರಸಿ ಬಿರುಕು, ಹಂಚಿನ ಮನೆ: ಅಕ್ಕ, ಭಾವ ಕೇಳಿದ್ದಕ್ಕೆ

ಅಕ್ಕಾ, ನೀನು ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಪುರುಸೊತ್ತು ಮಾಡಿಕೊಂಡು ಕೇಳು. ಶಿವಮೊಗ್ಗದ ಮನೆಯ ಮಹಡಿ ರೂಮಿನಲ್ಲಿ, ಗೋಡೆ ಮೋಲ್ಡಿಗೆ, ಅಂದರೆ ಕಾಂಕ್ರೀಟ್ ಚಾವಣಿಗೆ, ತಾಗುವ ಜಾಗದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆ. ಕಳೆದ ವರ್ಷ ಮೇಸ್ತ್ರಿ ಸಿಮೆಂಟು ತುಂಬಿ ಹೋಗಿದ್ದರು, ಈಗ ಮತ್ತೆ ಅಲ್ಲೇ ಬಾಯಿ ಬಿಟ್ಟಿದೆ. ಪಾಯ ಕುಸಿದಿದೆಯಾ ಅಂತ ಕೇಳಿದ್ದೀಯ. ಅದರ ಕೆಳಗೇ ಭಾವ, ಹೊಸನಗರದ ಹಳೆ ಮನೆಯ ಹಂಚು ಇಳಿಸಿ ತಗಡಿನ ಶೀಟು ಹಾಕಿಸೋಣ ಅಂತ ಬರೆದಿದ್ದಾರೆ.

ಮೊದಲು ನಿನ್ನ ಬಿರುಕು. ಫೋಟೋದಲ್ಲಿ ಕಾಣುವ ಮಟ್ಟಿಗೆ ಅದು ಪಾಯದ ತೊಂದರೆ ಅಲ್ಲ. ಪಾಯ ಕುಸಿದರೆ ಬಿರುಕು ಸಾಮಾನ್ಯವಾಗಿ ಓರೆಯಾಗಿ, ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನಿಮ್ಮದು ಮೋಲ್ಡಿನ ಬುಡದಲ್ಲೇ ಅಡ್ಡಕ್ಕೆ ಓಡಿದೆ, ಮೂಲೆಗೆ ಹೋದಂತೆ ಅಗಲವಾಗಿದೆ. ಅದೂ ಮೇಲಿನ ಮಹಡಿಯಲ್ಲಿ ಮಾತ್ರ, ಕೆಳಗೆ ಎಲ್ಲೂ ಇಲ್ಲ. ಇದು ಬಿಸಿಲಿನ ಕೆಲಸ.

ಹೇಗೆ ಅಂದರೆ, ಕಾಂಕ್ರೀಟು ಬಿಸಿಯಾದಾಗ ಹಿಗ್ಗುತ್ತದೆ. 10 ಮೀಟರ್ ಉದ್ದದ ಮೋಲ್ಡು 10 ಡಿಗ್ರಿ ಬಿಸಿಯಾದರೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ನಿಮ್ಮದು 40 ಅಡಿ, ಅಂದರೆ 12 ಮೀಟರ್. ಏಪ್ರಿಲ್‌ನಲ್ಲಿ ಗಾಳಿ 37 ಡಿಗ್ರಿ ಇರುವಾಗ ತಾರಸಿಯ ಮೈ 55 ಡಿಗ್ರಿ ದಾಟುತ್ತದೆ, ಬರಿಗಾಲಲ್ಲಿ ನಿಲ್ಲಲು ಆಗಲ್ಲ ಅಲ್ವಾ? ರಾತ್ರಿ ಅದೆಲ್ಲ ಇಳಿಯುತ್ತದೆ. ಮೋಲ್ಡಿನ ಒಳಗಿನ ಏರಿಳಿತ ಬರೀ 25 ಡಿಗ್ರಿ ಅಂತ ಹಿಡಿದರೂ ದಿನಕ್ಕೆ 3 ಮಿಲಿಮೀಟರ್ ಹೋಗಿ ಬರುತ್ತದೆ. ಕೆಳಗಿನ ಇಟ್ಟಿಗೆ ಗೋಡೆಗೆ ಅಷ್ಟು ಬಿಸಿಲು ಬೀಳುವುದಿಲ್ಲ, ಇಟ್ಟಿಗೆ ಹಿಗ್ಗುವುದೂ ಕಾಂಕ್ರೀಟಿನ ಹೆಚ್ಚುಕಡಿಮೆ ಅರ್ಧದಷ್ಟೇ. ಮೇಲಿನದು ಸರಿಯುತ್ತದೆ, ಕೆಳಗಿನದು ನಿಂತಲ್ಲೇ ನಿಲ್ಲುತ್ತದೆ. ನಡುವಿನ ಗಾರೆ ಹರಿಯದೆ ಏನು ಮಾಡೀತು? ಅಲ್ಲಿಗೆ ಗಟ್ಟಿ ಸಿಮೆಂಟು ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಮೇಸ್ತ್ರಿ ಕೆಲಸ ಕೆಟ್ಟದ್ದು ಅಂತಲ್ಲ, ದಿನಾ ಅಲುಗಾಡುವ ಜಾಗಕ್ಕೆ ಅಲುಗಾಡದ ವಸ್ತು ಹೊಂದುವುದಿಲ್ಲ.

ನನ್ನ ಮಾತನ್ನೇ ನಂಬಬೇಕಾಗಿಲ್ಲ. ಬಿರುಕಿನ ಮೇಲೆ ಒಂದು, ಕೆಳಗೆ ಒಂದು, ನೇರಕ್ಕೆ ಪೆನ್ಸಿಲ್ ಗೆರೆ ಹಾಕು. ಬೆಳಿಗ್ಗೆ 6 ಗಂಟೆಗೆ ಒಂದು ಫೋಟೋ, ಸಂಜೆ 4 ಗಂಟೆಗೆ ಇನ್ನೊಂದು. ಗೆರೆಗಳು ಹೊತ್ತಿಗೆ ತಕ್ಕಂತೆ ಸರಿದು ಮತ್ತೆ ಸೇರುತ್ತಿದ್ದರೆ ಅದು ಬಿಸಿಲಿನದ್ದೇ. ವಾಪಸ್ ಸೇರದೆ ವಾರ ವಾರಕ್ಕೂ ದೂರ ಹೋಗುತ್ತಿದ್ದರೆ ಮಾತ್ರ ಎಂಜಿನಿಯರನ್ನು ಕರೆಸೋಣ. ಮೋಲ್ಡಿನ ಅಡಿಯಲ್ಲಿ ಗಾರೆ ಉಬ್ಬಿ ತುಕ್ಕಿನ ಕಲೆ ಬಂದಿದ್ದರೂ ಅಷ್ಟೆ, ತಡ ಮಾಡಬೇಡ.

ಈಗ ರಿಪೇರಿ. ಬಿರುಕು ಮುಚ್ಚುವುದಕ್ಕಿಂತ ಮೊದಲು ತಾರಸಿಗೆ ಬೀಳುವ ಬಿಸಿಲನ್ನು ತಡೆಯಬೇಕು. ನಮ್ಮ ಕಡೆ ಮಳೆಗಾಲದಲ್ಲಿ ತಾರಸಿ ಮೇಲೆ ಪಾಚಿ ಕಟ್ಟುತ್ತದೆ. ಮಳೆ ಹೋದ ಮೇಲೆ ಅದು ಒಣಗಿ ಕರಿ ಸಿಪ್ಪೆಯ ಹಾಗೆ ಅಂಟಿಕೊಂಡು ಬಿಸಿಲನ್ನೆಲ್ಲ ಎಳೆದುಕೊಳ್ಳುತ್ತದೆ. ಅದನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿಸಿ, ತೊಳೆದು, ಒಣಗಿಸಿ ಬಿಳಿ ಬಣ್ಣ ಹೊಡೆಸು. ಅಂಟು ಬೆರೆಸಿದ ಸುಣ್ಣವಾದರೂ ಸಾಕು. ಜಡಿಮಳೆಗೆ ಸುಣ್ಣ ತೊಳೆದುಹೋಗುತ್ತದೆ, ವರ್ಷ ವರ್ಷ ಬಳಿಯಬೇಕು, ಆದರೆ ಖರ್ಚು ಕಡಿಮೆ. ತಂಪು ಚಾವಣಿಗೆ ಅಂತಲೇ ತೆಲಂಗಾಣ ಸರ್ಕಾರ 2023ರಲ್ಲಿ ಒಂದು ನೀತಿ ತಂದಿದೆ. ಬಿಳಿ ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅಷ್ಟೇ ಅದರ ಗುಟ್ಟು. ರಾತ್ರಿ ಹತ್ತಾದರೂ ರೂಮು ಕಾವಲಿಯ ಹಾಗೆ ಸುಡುತ್ತದೆ ಅಂದೆಯಲ್ಲ, ಅದಕ್ಕೂ ಇದೇ ಮದ್ದು. ಹಗಲೆಲ್ಲ ಕುಡಿದ ಬಿಸಿಯನ್ನು ಮೋಲ್ಡು ಸಂಜೆಯಿಂದ ಕೆಳಕ್ಕೆ ಬಿಡುತ್ತಾ ಇರುತ್ತದೆ.

ಆಮೇಲೆ ಬಿರುಕು. ಒಳಗಡೆ ಗೋಡೆ ಗಾರೆಗೂ ಚಾವಣಿ ಗಾರೆಗೂ ನಡುವೆ ನೇರವಾಗಿ ಒಂದು ಗ್ರೂವ್ ಹೊಡೆಸು, ಎರಡೂ ಬೇರೆ ಬೇರೆ ಇರಲಿ. ಹೊರಗಡೆ ಬಿರುಕನ್ನು ಸ್ವಲ್ಪ ಅಗಲ ಮಾಡಿಸಿ, ರಬ್ಬರಿನ ಹಾಗೆ ಎಳೆದುಕೊಳ್ಳುವ ಪಿಯು (ಪಾಲಿಯುರೆಥೇನ್) ಸೀಲೆಂಟ್ ತುಂಬಿಸು. ತಾರಸಿ ಮೇಲೆ ಪ್ಯಾರಾಪೆಟ್ ಸೇರುವ ಮೂಲೆಯನ್ನೂ ನೋಡಿಸು, ನೀರು ಮೊದಲು ಇಳಿಯುವುದು ಅಲ್ಲೇ. ಕೋಟಿಂಗ್ ಏನೇ ಮಾಡಿಸಿದರೂ ಸುಡುವ ಮಧ್ಯಾಹ್ನ ಹಚ್ಚಲು ಬಿಡಬೇಡ. ಕೆಳಗೆ ಹಿಡಿಯುವ ಮೊದಲೇ ಮೇಲೆ ಒಣಗಿ ಗುಳ್ಳೆ ಏಳುತ್ತದೆ. ಬಿಸಿಲು ಇಳಿದ ಮೇಲೆ ಹಚ್ಚಲಿ. ಕೃತ್ತಿಕೆ ಮಳೆ ಶುರುವಾಗುವ ಮೊದಲು, ಅಂದರೆ ಮೇ 10ರ ಒಳಗೆ ಎಲ್ಲ ಮುಗಿಸಬೇಕು. ಮೃಗಶಿರೆ ಹಿಡಿದ ಮೇಲೆ ಯಾವ ಸೀಲೆಂಟೂ ಒದ್ದೆ ಗಾರೆಗೆ ಕೂರುವುದಿಲ್ಲ.

ಭಾವ, ಈಗ ಹೊಸನಗರದ ಮನೆ. ಹಂಚು ಒಡೆಯುವ ಮಂಗಗಳ ಕಾಟ ನನಗೂ ಗೊತ್ತು. ಹಂಚಿಗೆ ಕೈಯಾಡಿಸಲು ಆಳು ಸಿಗುವುದಿಲ್ಲ, ಅದೂ ನಿಜ. ಆದರೂ ದಯವಿಟ್ಟು ಪೂರ್ತಿ ಇಳಿಸಬೇಡಿ.

ಅಕ್ಕನ ಮೋಲ್ಡಿಗೆ ಇರುವ ಕಷ್ಟ ಹಂಚಿಗೆ ಇಲ್ಲವೇ ಇಲ್ಲ. ಒಂದೊಂದು ಹಂಚೂ ಬಿಡಿಬಿಡಿಯಾಗಿ ರೀಪಿನ (ಮರದ ಪಟ್ಟಿಯ) ಮೇಲೆ ಕೂತಿರುತ್ತದೆ. ಹಿಗ್ಗಿದರೆ ತನ್ನ ಜಾಗದಲ್ಲೇ ಕೂದಲೆಳೆಯಷ್ಟು ಹಿಗ್ಗುತ್ತದೆ, ಪಕ್ಕದ ಹಂಚನ್ನು ತಳ್ಳುವುದಿಲ್ಲ. ಸಂದುಗಳಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಕೆಳಗೆ ಅಟ್ಟ ಇದೆ, ಆ ಬಿಸಿ ಜಗಲಿಗೆ ಇಳಿಯುವ ಮೊದಲೇ ಅಲ್ಲಿ ನಿಲ್ಲುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಅದಕ್ಕೂ ಮೊದಲು ನಮ್ಮಲ್ಲಿ ನಾಡಹಂಚು, ಸೋಗೆ. ಎಲ್ಲದಕ್ಕೂ ಇಳಿಜಾರು ಇತ್ತು, ಉಸಿರಾಡಲು ಸಂದು ಇತ್ತು. ಆಗುಂಬೆಯ ಆ ಮಳೆಯನ್ನೂ ಏಪ್ರಿಲ್ ಬಿಸಿಲನ್ನೂ ಒಂದೇ ಮಾಡು, ಅಂದರೆ ಇಳಿಜಾರು ಚಾವಣಿ, ತಡೆದುಕೊಂಡು ಬಂದಿದೆ.

ಶೀಟು ಹಾಗಲ್ಲ. 20 ಅಡಿಯ ಶೀಟು ಬೆಳಗಿನಿಂದ ಮಧ್ಯಾಹ್ನಕ್ಕೆ 40 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 3 ಮಿಲಿಮೀಟರ್ ಬೆಳೆಯುತ್ತದೆ. ಸ್ಕ್ರೂ ಬಿಡುವುದಿಲ್ಲ, ಅದಕ್ಕೇ ಟಪ್ ಟಪ್ ಸದ್ದು. ದಿನಾ ಎಳೆದಾಡಿ ತೂತು ದೊಡ್ಡದಾಗುತ್ತದೆ, ವಾಷರಿನ ರಬ್ಬರು ಬಿಸಿಲಿಗೆ ಒಣಗಿ ಸೀಳುತ್ತದೆ. ಜೂನ್‌ನಲ್ಲಿ ಸೋರಿದಾಗ ಮಳೆಗೆ ಬೈಯುತ್ತೇವೆ, ತೂತು ಮಾಡಿದ್ದು ಏಪ್ರಿಲ್. ತಾರಸಿ ಮೇಲೆ ಗಾಳಿಯಾಡುವಷ್ಟು ಎತ್ತರಕ್ಕೆ ಶೀಟು ಹಾಕಿ ಕೆಳಗೆ ಅಡಿಕೆ ಒಣಗಿಸುವುದು ಬೇರೆ ಮಾತು, ಅಲ್ಲಿ ಅದು ಮೋಲ್ಡಿಗೇ ನೆರಳು. ಮಲಗುವ ಕೋಣೆಯ ನೆತ್ತಿ ಮೇಲೆ ಬರೀ ಶೀಟು ಬಂದರೆ ಹಗಲು ಒಳಗೆ ಇರಲಾಗುವುದಿಲ್ಲ, ರಾತ್ರಿ ಮಳೆಯ ಸದ್ದಿಗೆ ನಿದ್ದೆ ಬರುವುದಿಲ್ಲ. ಅತ್ತೆಗೆ ಈ ವಯಸ್ಸಿನಲ್ಲಿ ಅದು ಬೇಡ.

ಮಂಗ ಇಳಿಯುವುದು ಹಲಸಿನ ಮರದ ಕಡೆಯಿಂದ ಅಂತ ನೀವೇ ಹೇಳಿದ್ದಿರಿ. ಆ ಕಡೆಯ ಮಾಡಿಗೆ ಮಾತ್ರ ತಿಳಿ ಬಣ್ಣದ ಶೀಟು ಹಾಕಿಸಿ, ಉಳಿದದ್ದು ಹಂಚೇ ಇರಲಿ. ಕೊಟ್ಟಿಗೆಯ ಹಳೆ ಸಿಮೆಂಟ್ ಶೀಟಿನ ಮೇಲೆ ಮಾತ್ರ ಯಾರನ್ನೂ ಹತ್ತಿಸಬೇಡಿ, ಅದು ಪೆಡಸಾಗಿರುತ್ತದೆ, ಕಾಲಿಟ್ಟರೆ ಆಳು ಸಮೇತ ಕುಸಿಯುತ್ತದೆ. ಕೊರೆಯುವುದೂ ಬೇಡ, ಅದರಲ್ಲಿರುವ ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಶ್ವಾಸಕೋಶಕ್ಕೆ ವಿಷ.

ಸಾಗರದ ತಮ್ಮನಿಗೆ ಒಂದು ಮಾತು. ಈ ತಿಂಗಳೇ ಮೋಲ್ಡು ಹಾಕುವುದಾದರೆ ಬೆಳಗಿನ ಜಾವ ಶುರು ಮಾಡಿಸು. ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟಾದರೆ ಕಡಿಮೆ ಅಂದರೂ 10 ದಿನ, ಆಗುವುದಾದರೆ 14 ದಿನ ಮಡಿ ಕಟ್ಟಿ ನೀರು ನಿಲ್ಲಿಸು. ಸುಮ್ನೆ ಪೈಪಿನಲ್ಲಿ ಎರಡು ಹೊತ್ತು ಚಿಮುಕಿಸಿದರೆ ಈ ಬಿಸಿಲಿಗೆ ಸಾಲದು.

ಭಾವ, ಶೀಟು ಹಾಕುವ ಕಡೆಯಿಂದ ಇಳಿಸಿದ ಹಂಚನ್ನು ಯಾರಿಗೂ ಕೊಡಬೇಡಿ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ತುಸು ಬೇರೆ, ಹೊಸ ಹಂಚು ಹಳೆಯದರ ಜೊತೆ ಸರಿಯಾಗಿ ಕೂರುವುದಿಲ್ಲ. ಒಡೆಯದ್ದನ್ನು ಆರಿಸಿ ಕೊಟ್ಟಿಗೆ ಪಕ್ಕ ನಿಲ್ಲಿಸಿ ಇಡಿ, ಉಳಿದ ಮಾಡಿಗೆ ಅದೇ ಬೇಕಾಗುತ್ತದೆ. ಪಕಾಸಿಗೆ (ಹಂಚು ಹೊರುವ ಮರದ ತೊಲೆಗೆ) ಒರಲೆ ಹಿಡಿದಿದೆಯಾ ಅಂತ ಹಂಚು ಇಳಿಸಿದ ದಿನವೇ ತಟ್ಟಿ ನೋಡಬೇಕು. ದಿನ ಗೊತ್ತಾದ ಕೂಡಲೇ ಹೇಳಿ, ನಾನೇ ಬಂದು ನಿಂತು ನೋಡುತ್ತೇನೆ.