ಕಂದಾಯ ನಿಲ್ಲಿಸಿದ ರೈತರ ‘ಕೂಟ’: ಈ ಅರ್ಥ ನಿಮ್ಮ ಕಡೆ ಇನ್ನೂ ಉಳಿದಿದೆಯೇ?

ಎಲ್ಲರಿಗೂ ನಮಸ್ಕಾರ.

‘ಕಂದಾಯ ಕಟ್ಟುವುದಿಲ್ಲ ಎಂದು ಊರಿನ ರೈತರೆಲ್ಲ ಒಂದು ಕಡೆ ಸೇರುವುದು’ ಅನ್ನುವ ಅರ್ಥದಲ್ಲಿ ಕೂಟ ಎಂಬ ಪದವನ್ನು ನಿಮ್ಮ ಕಡೆ ಹಿರಿಯರು ಯಾರಾದರೂ ಬಳಸುತ್ತಾರೆಯೇ? ಶಿವಮೊಗ್ಗ, ಹೊನ್ನಾಳಿ, ಚನ್ನಗಿರಿ, ಹೊಸನಗರ, ತರೀಕೆರೆ ಕಡೆಯವರು ಮತ್ತು ಕರಾವಳಿಯವರು ದಯವಿಟ್ಟು ಮನೆಯಲ್ಲಿ ವಿಚಾರಿಸಿ ತಿಳಿಸಿ.

ಇವತ್ತು ಕೂಟ ಅಂದ ತಕ್ಷಣ ಔತಣಕೂಟ, ಕ್ರೀಡಾಕೂಟ, ಮೈತ್ರಿಕೂಟ ನೆನಪಾಗುತ್ತವೆ. ಹೊರದೇಶದಲ್ಲಿ ಇರುವವರಿಗೆ ಕನ್ನಡ ಕೂಟ. ಎಲ್ಲವೂ ಸಂತೋಷದ ಸೇರುವಿಕೆ. ಆದರೆ 1830ರಲ್ಲಿ ಈ ಪದ ಕೇಳಿದರೆ ಅಮಲ್ದಾರರಿಗೆ, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿಗಳಿಗೆ, ನಡುಕ ಬರುತ್ತಿತ್ತು.

ನಾನು ಹೇಳುತ್ತಿರುವುದು ಮೈಸೂರು ಸಂಸ್ಥಾನದ ನಗರ ಫೌಜುದಾರಿಯಲ್ಲಿ (ಹಲವು ತಾಲ್ಲೂಕುಗಳ ಆಡಳಿತ ವಿಭಾಗ) 1830-31ರಲ್ಲಿ ನಡೆದ ಸಂಗತಿ. ನಗರ ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಅಲ್ಲಿ ಶರತ್ತು ಪದ್ಧತಿ ನಡೆಯುತ್ತಿತ್ತು. ತಾಲ್ಲೂಕಿನಿಂದ ಇಷ್ಟು ಹಣ ಬರುತ್ತದೆ ಎಂದು ಅಮಲ್ದಾರ ಮೊದಲೇ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಕೊನೆಗೆ ಹೊರೆ ಬೀಳುತ್ತಿದ್ದದ್ದು ಯಾರ ಮೇಲೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ರೈತರು ಮೊದಲಿಗೇ ಆಯುಧ ಹಿಡಿಯಲಿಲ್ಲ. ಕೂಟ ಸೇರಿದರು. ಒಂದು ಕಡೆಯ ಕೂಟದಿಂದ ಬೇರೆ ತಾಲ್ಲೂಕುಗಳ ರೈತರಿಗೆ ಕಾಗದ ಹೋಯಿತು, ನೀವೂ ಬನ್ನಿ ಎಂದು. ಕೆಳದಿ ಸಂಸ್ಥಾನ ತನ್ನದು ಎಂದ ಬೂದಿ ಬಸವಪ್ಪ, ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಇದರಲ್ಲಿ ಸೇರಿಕೊಂಡರು. ಸೈನ್ಯ ಬಂತು. ಕಾಳಗವಾಯಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅರಸರ ಆಡಳಿತವನ್ನೇ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ತೆಗೆದುಕೊಂಡ. ಅದು ಒಡೆಯರಿಗೆ ಮರಳಿದ್ದು 1881ರಲ್ಲಿ.

ಇದೇ ಹೊತ್ತಿಗೆ ಘಟ್ಟದ ಕೆಳಗೆ, ಕಂಪನಿಯೇ ಆಳುತ್ತಿದ್ದ ಕೆನರಾ ಜಿಲ್ಲೆಯಲ್ಲೂ ಕೂಟಗಳು ಎದ್ದವು. ಬೆಳೆಗೆ ಬೆಲೆ ಬಿದ್ದಿತ್ತು, ಕಂದಾಯ ಇಳಿದಿರಲಿಲ್ಲ. ಮಂಗಳೂರಿನ ಕದ್ರಿ ದೇವಸ್ಥಾನ ಆ ಕೂಟಗಳ ಒಂದು ಕೇಂದ್ರವಾಗಿತ್ತು. ಘಟ್ಟದ ಮೇಲೆ ಒಬ್ಬ ಅರಸ, ಕೆಳಗೆ ಒಂದು ಕಂಪನಿ. ಆದರೆ ಎರಡೂ ಕಡೆ ರೈತರ ಬಾಯಲ್ಲಿ ಒಂದೇ ಪದ. ಬ್ರಿಟಿಷ್ ಅಧಿಕಾರಿಗಳೂ ತಮ್ಮ ವರದಿಗಳಲ್ಲಿ ಈ ಪದವನ್ನು ಹಾಗೆಯೇ ಇಟ್ಟುಕೊಂಡರು. ನನಗೆ ಇದು ಬಹಳ ದೊಡ್ಡ ಸಂಗತಿ ಅನಿಸುತ್ತದೆ. ಜನ ತಾವು ಮಾಡುತ್ತಿದ್ದ ಕೆಲಸಕ್ಕೆ ತಾವೇ ಇಟ್ಟ ಹೆಸರು ಕಾಗದದಲ್ಲಿ ಉಳಿಯುವುದು ಅಪರೂಪ.

ಹಾಗಿದ್ದರೂ ನಮ್ಮ ಪುಸ್ತಕಗಳಲ್ಲಿ ಇದು ‘ನಗರ ದಂಗೆ’. ದಂಗೆ ನಮಗೆ ಹಿಂದಿ, ಮರಾಠಿಗಳ ಕಡೆಯಿಂದ ಬಂದ ಪದ. ಇವತ್ತಿನ ಪತ್ರಿಕೆಗಳಲ್ಲಿ ಅದಕ್ಕೆ ಕೋಮುಗಲಭೆಯ ಬಣ್ಣವೇ ಜಾಸ್ತಿ. ಕಂದಾಯದ ಲೆಕ್ಕ ಕೇಳಲು ಸೇರಿದ ರೈತರಿಗೆ ಅದನ್ನು ಅಂಟಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ‘ನಗರದ ರೈತಕೂಟ’ ಎಂದು ಬರೆದರೆ ಓದುವವರಿಗೆ ಅರ್ಥವಾಗುತ್ತದೆಯೇ, ಅಥವಾ ಯಾವುದೋ ಸಂಘದ ಹೆಸರು ಅಂದುಕೊಳ್ಳುತ್ತಾರೆಯೇ?

ಕೆಲವರು ‘ಬಂಡಾಯ’ ಅನ್ನಿ ಎಂದು ಹೇಳಬಹುದು. ಆ ಪದದ ದಾರಿ ಬೇರೆ. ಮರಾಠಿಯ ‘ಬಂಡ್’ ನಮ್ಮಲ್ಲಿ ಬಂಡು ಆಗಿದೆ. ಬಂಡುಕೋರದಲ್ಲಿರುವ ‘ಕೋರ’ ಲಂಚಕೋರ, ಚಾಡಿಕೋರದಲ್ಲಿ ಇರುವುದೇ. ಅಂದರೆ ಹೆಸರಲ್ಲೇ ಒಂದು ಬೈಗುಳ ಸೇರಿಕೊಂಡಿದೆ. ಆದರೆ ಬಂಡಾಯಕ್ಕೆ ಆ ಕಳಂಕ ಈಗ ಉಳಿದಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಶುರುವಾಯಿತು. ಮರುವರ್ಷ, 1980ರ ಜುಲೈ 21ರಂದು, ನರಗುಂದ ಮತ್ತು ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಕಟ್ಟುವುದಿಲ್ಲ ಎಂದಿದ್ದರು. ಅಲ್ಲಿನ ಜನ ಇದನ್ನು ಹೆಮ್ಮೆಯಿಂದ ರೈತ ಬಂಡಾಯ ಎನ್ನುತ್ತಾರೆ. ಪ್ರತಿವರ್ಷ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ.

ಇಲ್ಲಿ ಒಂದು ತೊಡಕೂ ಇದೆ. ‘ನರಗುಂದ ಬಂಡಾಯ’ ಅಂದರೆ 1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದೂ ಹೌದು. ಒಂದೇ ಊರು, ಒಂದೇ ಹೆಸರು, ನಡುವೆ ನೂರಕ್ಕೂ ಹೆಚ್ಚು ವರ್ಷ. ಮೊದಲನೆಯದು ಸಂಸ್ಥಾನದ ಅರಸನದು, ಎರಡನೆಯದು ಹೊಲದಲ್ಲಿ ದುಡಿಯುವವರದು. ಬರೆಯುವಾಗ ಇಸವಿ ಹಾಕದಿದ್ದರೆ ಗೊಂದಲ ಖಂಡಿತ. ಇನ್ನು ಚುನಾವಣೆ ಬಂದಾಗ ಟಿಕೆಟ್ ಸಿಗದವರೆಲ್ಲ ‘ಬಂಡಾಯ ಅಭ್ಯರ್ಥಿ’. ಜನ ಜೀವ ಕೊಟ್ಟ ಪದವನ್ನು ಹೀಗೆ ಸುಮ್ನೆ ಬಳಸುವುದು ನೋಡಿದರೆ ಬೇಸರವಾಗುತ್ತದೆ.

ಎರಡನೆಯ ಪ್ರಶ್ನೆ ಸುಳ್ಯ, ಪುತ್ತೂರು, ಕೊಡಗಿನವರಿಗೆ. 1834ರಲ್ಲಿ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕೊಡಿ ಎಂದಿತು. 1837ರಲ್ಲಿ ಜನ ಎದ್ದರು, ಮಂಗಳೂರಿನವರೆಗೂ ಹೋಗಿ ಅದನ್ನು ಕೆಲವು ದಿನ ಹಿಡಿದಿಟ್ಟುಕೊಂಡರು. ಅದೇ ವರ್ಷ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಇದಕ್ಕೆ ಬಹಳ ಕಾಲ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಲ್ಯಾಣಪ್ಪ ಅಂದರೆ ಎದ್ದವರ ಮುಂದಾಳು; ಕಾಟಕಾಯಿ ಲೂಟಿ, ದಾಂಧಲೆ ಎಂಬ ಅರ್ಥದಲ್ಲಿ. ಈಗ ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ ಎನ್ನುತ್ತಾರೆ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಆ ಹೋರಾಟದ ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿದೆ.

ಕೂಡು ಎಂಬುದರಿಂದ ಕೂಟ, ಕಾಡು ಎಂಬುದರಿಂದ ಕಾಟ. ಎರಡೂ ಅಚ್ಚಕನ್ನಡ. ಮೊದಲನೆಯದು ಸೇರಿದವರ ಮಾತು. ಎರಡನೆಯದು ತೊಂದರೆಯಾಯಿತು ಅನ್ನುವವರ ಮಾತು. ಕಾಟಕಾಯಿಯಲ್ಲಿ ಈ ಕಾಟವೇ ಇದೆಯೇ? ಹಾಗಾದರೆ ‘ಕಾಯಿ’ ಏನು? ತುಳು ಅಥವಾ ಅರೆಭಾಷೆಯಲ್ಲಿ ಈ ಪದ ಬೇರೆ ಸಂದರ್ಭದಲ್ಲಿ ಬಳಕೆಯಲ್ಲಿದೆಯೇ? ಮಕ್ಕಳು ಗಲಾಟೆ ಮಾಡಿದಾಗ, ಹಲಸಿನಮರಕ್ಕೆ ಮಂಗಗಳು ನುಗ್ಗಿದಾಗ ಅಜ್ಜಿಯರು ಹೀಗೆ ಬೈಯುವುದುಂಟೇ? ಆ ಹೆಸರನ್ನು ಅಳಿಸಿಬಿಡಬೇಕು ಅನ್ನುವವರ ಜೊತೆ ನಾನಿಲ್ಲ. ಹೋರಾಟವನ್ನು ಗೌರವಿಸೋಣ. ಆದರೆ ಹಳೆಯ ಪದ ನಿಘಂಟಿನಲ್ಲಿ ಉಳಿಯಲಿ. ಸೋತವರ ಹೆಸರನ್ನು ಯಾರು ಹೇಗೆ ಕೆಡಿಸಿದರು ಎಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಚಿಕ್ಕ ವಿಷಯ. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ತೆರಿಗೆಗಳಿಗೆ ಎದುರಾಗಿ ಮೈಸೂರು ಸೀಮೆಯ ರೈತರು ನೇಗಿಲನ್ನು ತಲೆಕೆಳಗು ಮಾಡಿ ಊರಬಾಗಿಲಿನ ಮರಕ್ಕೆ ತೂಗುಹಾಕಿದ್ದರು ಎಂದು ಮೈಸೂರಿನ ಇತಿಹಾಸ ಬರೆದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಉಳುವುದಿಲ್ಲ, ಕೊಡುವುದಿಲ್ಲ ಎಂಬ ಗುರುತು ಅದು. ಇಂಗ್ಲಿಷಿನಲ್ಲಿ ಸಿಗುವುದು ವಿವರಣೆ ಮಾತ್ರ. ಇಂಥ ಕೆಲಸಕ್ಕೆ ಕನ್ನಡದಲ್ಲಿ ಒಂದು ಹೆಸರು ಇದ್ದೇ ಇರಬೇಕು. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ‘ನೇಗಿಲು ತೂಗಿದರು’, ‘ನೇಗಿಲು ಕಟ್ಟಿದರು’ ಎಂಬಂಥ ಮಾತು ಗಾದೆಯಲ್ಲೋ ಜನಪದ ಹಾಡಿನಲ್ಲೋ ಉಳಿದಿದ್ದರೆ ತಿಳಿಸಿ.

ಉತ್ತರ ಬರೆಯುವಾಗ ಊರು, ತಾಲ್ಲೂಕು, ಹೇಳಿದವರ ಸುಮಾರು ವಯಸ್ಸು ಇಷ್ಟನ್ನು ಸೇರಿಸಿ. ಪದ ಬಂದ ಇಡೀ ವಾಕ್ಯವನ್ನೇ ಅವರು ಹೇಳಿದ ಹಾಗೆ ಬರೆದರೆ ಇನ್ನೂ ಒಳ್ಳೆಯದು. ತಿದ್ದಬೇಡಿ.