ಬಸವನೋ, ಬಸವ್ವನೋ? ಹಳೇ ಪತ್ರದ ಹೆಸರಿನ ಗೊಂದಲ

ಪ್ರಶ್ನೆ, ಗದಗ ಕಡೆಯಿಂದ:

ನಮ್ಮ ಮನೆತನದ ವಂಶಾವಳಿ ಬರೆಯುತ್ತಿದ್ದೇನೆ. 1938ರ ಒಂದು ಮನೆ ಕ್ರಯಪತ್ರ ಸಿಕ್ಕಿದೆ. ಮೂಲ ಪತ್ರವಲ್ಲ, ಯಾವುದೋ ಕೇಸಿಗಾಗಿ ಮಾಡಿಸಿದ ಇಂಗ್ಲಿಷ್ ತರ್ಜುಮೆ. ಮಾರಿದವರಲ್ಲಿ ನಮ್ಮ ಮುತ್ತಜ್ಜನ ಜೊತೆ ‘ಬಸವ’ ಅಂತ ಒಂದು ಹೆಸರಿದೆ. ಮುಂದೆ ಒಂದು ಕಡೆ ‘ಹಿ’ ಅಂತಲೂ ಟೈಪಾಗಿದೆ. ಆದರೆ ಮುತ್ತಜ್ಜನಿಗೆ ಅಣ್ಣ ತಮ್ಮಂದಿರೇ ಇರಲಿಲ್ಲ ಅಂತ ನಮ್ಮಜ್ಜಿ ಹೇಳುತ್ತಾರೆ. ಯಾರಿರಬಹುದು? ಇಂಥದ್ದು ನಿಮಗೂ ಆಗಿದೆಯಾ?

ಧಾರವಾಡದಿಂದ:

ಆಗಿದೆ. ನಮ್ಮ ಅಜ್ಜನ ತಮ್ಮ ಅಂತ ಎರಡು ವರ್ಷ ನಮ್ಮ ಚಾರ್ಟಿನಲ್ಲಿ ಕೂತಿದ್ದ ‘ನಿಂಗ’ ಕೊನೆಗೆ ಅಜ್ಜನ ತಂಗಿ ನಿಂಗವ್ವ ಆದಳು. ನಮ್ಮ ಕಡೆ ಹೆಸರಿನ ಬುಡ ಇಬ್ಬರಿಗೂ ಒಂದೇ, ಅಲ್ವಾ. ಬಸಪ್ಪ–ಬಸವ್ವ, ಕಲ್ಲಪ್ಪ–ಕಲ್ಲವ್ವ, ಯಲ್ಲಪ್ಪ–ಯಲ್ಲವ್ವ. ದೇವಿ ಹೆಸರು ಗಂಡಸಿಗೆ, ದೇವರ ಹೆಸರು ಹೆಂಗಸಿಗೆ. ಯಾರೂ ಬೇಡ ಅನ್ನೋದಿಲ್ಲ. ಗಂಡೋ ಹೆಣ್ಣೋ ಅನ್ನೋದು ಬಾಲದಲ್ಲಿರುತ್ತೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ‘ವಿ’ ಅಕ್ಷರ ಬಿಟ್ಟುಹೋಯಿತು ಅಂದ್ರೆ ಮುಗೀತು, ಬಸವ್ವ ಬಸವ ಆಗಿಬಿಡುತ್ತಾಳೆ. ಆ ‘ಹಿ’ ಕೂಡ ತರ್ಜುಮೆ ಮಾಡಿದವರ ಊಹೆಯೇ ಇರಬೇಕು. ಅವರೂ ಹೆಸರು ನೋಡಿಯೇ ಬರೆದಿರುತ್ತಾರೆ.

ಹಾಗಾಗಿ ಹೆಸರು ಬಿಡಿ, ಹೆಸರಿನ ಪಕ್ಕ ನೋಡಿ. ‘ಬಿನ್’ ಇದ್ದರೆ ಇಂಥವರ ಮಗ. ‘ಕೋಂ’ ಇದ್ದರೆ ಇಂಥವರ ಹೆಂಡತಿ. ಮೋಡಿ ಲಿಪಿಯ ಮರಾಠಿ ಪತ್ರವಾದರೆ ಮಗನಿಗೆ ‘ವಲದ್’, ಹೆಂಡತಿಗೆ ಅಲ್ಲೂ ‘ಕೋಂ’. ಇನ್ನೂ ಹಳೆಯ ಮರಾಠಿ ಪತ್ರ ಕೈಗೆ ಬಂದರೆ ಕೊನೆಯ ಸಾಲು ಬಿಡಬೇಡಿ. ಸಹಿ ಬಾರದ ರೈತ ನೇಗಿಲ ಗುರುತು ಹಾಕಿರುತ್ತಾನೆ, ಹೆಂಗಸು ಬಳೆಯ ಗುರುತು. ಬಳೆ ಅಂದರೆ ಸುಮ್ನೆ ಒಂದು ಸೊನ್ನೆ. ನಾನು ಮೊದಲ ಸಲ ಅದನ್ನು ಶಾಯಿ ಕಲೆ ಅಂದುಕೊಂಡಿದ್ದೆ.

ಮಂಡ್ಯದಿಂದ:

ನಮ್ಮ ಕಡೆ ಕಾಟ ಕೆಂಪ, ಪುಟ್ಟ, ಚಿಕ್ಕ, ಇವುಗಳದ್ದು. ಕೆಂಪಯ್ಯನೂ ಕೆಂಪ, ಕೆಂಪಮ್ಮನೂ ಕೆಂಪ. ಇನ್ನು ಬಾಲವೇ ಇಲ್ಲದ ಹೆಸರೂ ಉಂಟು. ಕಸ್ತೂರಿ ಅಂದರೆ ನಮ್ಮ ಮನೆಯಲ್ಲಿ ಸೋದರತ್ತೆ. ಹಾಸ್ಯ ಬರೆದ ನಾ. ಕಸ್ತೂರಿ ಗಂಡಸು.

ಕನ್ನಡ ಪತ್ರ ಸಿಕ್ಕರೆ ಕ್ರಿಯಾಪದ ನೋಡಿದರಾಯಿತು ಅಂತ ನಾನೂ ಅಂದುಕೊಂಡಿದ್ದೆ. ‘ಕೊಟ್ಟನು’, ‘ಕೊಟ್ಟಳು’ ಅಂತ ಇದ್ದೇ ಇರುತ್ತಲ್ಲ! ಎಲ್ಲಿ ಬಂತು? ‘ಬರೆಸಿಕೊಟ್ಟ ಕ್ರಯಪತ್ರದ ಕ್ರಮವೆಂತೆಂದರೆ’ ಅಂತ ಶುರು. ‘ಬರೆಸಿಕೊಟ್ಟ’ ಗಂಡಿಗೂ ಸರಿ, ಹೆಣ್ಣಿಗೂ ಸರಿ. ಆಮೇಲೆ ಪೂರ್ತಿ ‘ನಾನು’, ‘ನನ್ನ’. ಸಾಕ್ಷಿಗಳ ಮಾತು ಬಂದಾಗ ಮರ್ಯಾದೆಗೆ ‘ಕೊಟ್ಟರು’. ನಾಲ್ಕು ಪುಟದಲ್ಲಿ ಒಂದೇ ಒಂದು ‘ಅಳು’ ಸಿಗಲಿಲ್ಲ ನನಗೆ.

ಕೊಡಗಿನಿಂದ:

ನಮ್ಮಲ್ಲೂ ಅದೇ. ಪೂವಯ್ಯ–ಪೂವಮ್ಮ, ಕಾವೇರಪ್ಪ–ಕಾವೇರಮ್ಮ. ಅಜ್ಜನ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಪೂರ್ತಿ, ಮನುಷ್ಯರ ಹೆಸರಿಗೆ ಒಂದೇ ಅಕ್ಷರ. ಅಲ್ಲಿ ಬಾಲವೂ ಇಲ್ಲ, ಬುಡವೂ ಇಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರೊಬ್ಬರು:

ಇಲ್ಲಿಯವರೂ ಪಾರಾಗಿಲ್ಲ ಬಿಡಿ. ಎವಲಿನ್ ವಾ ಅನ್ನೋ ಕಾದಂಬರಿಕಾರ 1928ರಲ್ಲಿ ಮದುವೆಯಾದ ಹುಡುಗಿಯ ಹೆಸರೂ ಎವಲಿನ್. ಗೆಳೆಯರು ‘ಅವನು ಎವಲಿನ್’, ‘ಅವಳು ಎವಲಿನ್’ ಅಂತ ಕರೀತಿದ್ದರಂತೆ. 16ನೇ ಶತಮಾನದ ಫ್ರಾನ್ಸಿನಲ್ಲಿ ಸೇನೆ ನಡೆಸಿದ ಮೊಂಮೊರಾಂಸಿಯ ಹೆಸರು ಆನ್. ಗಡ್ಡದ ಚಿತ್ರ ಇಲ್ಲದಿದ್ದರೆ ನಾನೂ ಹೆಂಗಸು ಅಂತಲೇ ಬರೆದುಕೊಳ್ಳುತ್ತಿದ್ದೆ.

ಬೆಳಗಾವಿಯಿಂದ:

ಹೆಬ್ಬೆಟ್ಟು ಒತ್ತಿದ್ದರೆ ಹೆಂಗಸೇ ಅಂತ ಮಾತ್ರ ತೀರ್ಮಾನ ಮಾಡಬೇಡಿ. ನಮ್ಮ ಗಂಡಸರೂ ಒತ್ತುತ್ತಿದ್ದರು. ಆದರೆ 1938 ಅಂದಿರಲ್ಲ, ಅದನ್ನು ಗಮನಿಸಿ. ಗಂಡನ ಆಸ್ತಿಯಲ್ಲಿ ವಿಧವೆಗೆ ಪಾಲು ಕೊಡುವ ಕಾನೂನು ಬಂದದ್ದು 1937ರಲ್ಲಿ. ಹೊಲ ಬೇರೆ ಮಾತು, ಮನೆ ಮಾರುವಾಗ ವಿಧವೆಯ ಒಪ್ಪಿಗೆಯೂ ಇರಲಿ ಅಂತ ಕೊಂಡವರು ಕೇಳಿರಬಹುದು. ನನಗೇನೋ ಆ ಬಸವ ಹೆಂಗಸು ಅಂತಲೇ ಅನಿಸುತ್ತೆ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂಲ ಪತ್ರದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸ್ಥಿರಾಸ್ತಿ ಪತ್ರಗಳೆಲ್ಲ ಒಂದನೇ ಪುಸ್ತಕದಲ್ಲಿ ನಕಲಾಗಿರುತ್ತವೆ. ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. ನಿಮ್ಮದು ಹೆಸರಿನದೇ ತಕರಾರು, ಹಾಗಾಗಿ ಆಸ್ತಿಯ ಸೂಚಿಯಿಂದ ಹುಡುಕಿಸಿ. ನಿಮ್ಮ ಮನೆತನಕ್ಕೆ ವಂಶಾವಳಿ ಓದಿ ಹೇಳುವ ಹೆಳವರು ಬರುತ್ತಿದ್ದರೆ ಅವರನ್ನೂ ಕೇಳಿ. ನಮ್ಮ ಹೆಳವರು ಹೊತ್ತಿಗೆಯಲ್ಲಿ ಗಂಡುಮಕ್ಕಳನ್ನಷ್ಟೇ ಓದಿದರು. ಹೆಣ್ಣುಮಕ್ಕಳು ಯಾರು ಅಂತ ಕೇಳಿದ ಮೇಲೆ ಯಾವ ಊರಿಗೆ ಕೊಟ್ಟಿದ್ದು ಅನ್ನುವುದನ್ನೂ ಹೇಳಿದರು. ಕೇಳದೇ ಇದ್ದರೆ ಇಲ್ಲ.

ಪ್ರಶ್ನೆ ಕೇಳಿದವರು, ಒಂದೂವರೆ ತಿಂಗಳ ನಂತರ:

ನಕಲು ಬಂತು, ಕನ್ನಡದ್ದೇ. ‘ಬಸವ್ವ ಕೋಂ’ ಅಂತ ಸ್ಪಷ್ಟವಾಗಿದೆ. ಕೋಂ ಆದ ಮೇಲೆ ಇರುವ ಹೆಸರು ಮುತ್ತಜ್ಜನ ಅಪ್ಪನದು! ಅಂದರೆ ಮುತ್ತಜ್ಜನ ಮಲತಾಯಿ. ಹೆತ್ತ ತಾಯಿಯ ಹೆಸರು ನಮ್ಮ ಹತ್ತಿರ ಮೊದಲೇ ಇತ್ತು, ಅದು ಬೇರೆ. ಅಜ್ಜಿಗೆ ಓದಿ ಹೇಳಿದೆ. ಸೊಸೆಯಾಗಿ ಬಂದ ಹೊಸತರಲ್ಲಿ ನಾಲ್ಕು ವರ್ಷ ಅವರ ಜೊತೆ ಒಂದೇ ಅಡುಗೆಮನೆಯಲ್ಲಿ ಇದ್ದರಂತೆ ನಮ್ಮಜ್ಜಿ.

“ಹಾಂ, ಆಕೀನಾ? ನಾವೆಲ್ಲಾ ಆಯಿ ಅಂತಿದ್ವಿ. ಹೆಸರ ಹಿಡದು ಯಾರ ಕರೀತಿದ್ರು ಆಕೀನ್ನ?” ಅಂದರು.