ಹೀಟರ್ ಕೋರ್ ಸೋರುತ್ತಿದೆ: ರಿಪೇರಿನಾ, ಹೊಸದಾ?

ಒದ್ದೆಮ್ಯಾಟ್:
ತಲೆ ಕೆಟ್ಟುಹೋಗಿದೆ. ಮೂರು ವಾರದಿಂದ ಡ್ರೈವರ್ ಪಕ್ಕದ ಸೀಟಿನ ಮುಂದೆ, ಮ್ಯಾಟ್ ಕೆಳಗೆ ಒದ್ದೆ. ಒರೆಸುತ್ತೇನೆ, ಒಣಗಿಸುತ್ತೇನೆ, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಒಬ್ಬ ಮೆಕ್ಯಾನಿಕ್ ಬಗ್ಗಿ ಕೂಡ ನೋಡದೆ ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಭಾಗ) ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಅಂದರು. ಇನ್ನೊಬ್ಬರು ಬೆಸುಗೆ ಹಾಕಿದರೆ ಸಾಕು ಅಂತಾರೆ. ಯಾರನ್ನು ನಂಬಲಿ? ಸುತ್ತಿಬಳಸದೆ ಹೇಳಿ.

ತಂಪುಗಾಳಿ:
ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿದೆ, ಅಷ್ಟೇ. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು. ಎಸಿ ಓಡುವಾಗ ಒಳಗಿನ ಕಾಯಿಲ್ ಮೇಲೆ ನೀರು ಹನಿಗಟ್ಟಿ ಸಣ್ಣ ರಬ್ಬರ್ ನಳಿಗೆಯಿಂದ ರಸ್ತೆಗೆ ಬೀಳಬೇಕು. ಅದರಲ್ಲಿ ಕಸ ತುಂಬಿದರೆ ನೀರು ಕಾರಿನೊಳಗೇ ಬರುತ್ತೆ. ಸುಮ್ನೆ ಡ್ಯಾಶ್‌ಬೋರ್ಡ್ ಬಿಚ್ಚಿಸಿ ಹಾಳಾಗಬೇಡಿ.

ಹಳೇಸ್ಪ್ಯಾನರ್:
ಗಾಡಿಗೆ ಎಷ್ಟು ವರ್ಷ? ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಕಡಿಮೆ ಆಗ್ತಿದೆಯಾ? ಗಾಜಿನ ಒಳಗಡೆ ಮಂಜು ಕಟ್ಟುತ್ತಾ? ಒಂದೂ ಹೇಳಿಲ್ಲ ನೀವು. ಮೊದಲು ಆ ಒದ್ದೆಗೆ ಬಿಳಿ ಟಿಶ್ಯೂ ಒತ್ತಿ ಬಣ್ಣ ನೋಡಿ, ಆಮೇಲೆ ಎರಡು ಬೆರಳಲ್ಲಿ ಉಜ್ಜಿ. ಎಸಿ ನೀರಾದರೆ ಬರೀ ನೀರಿನ ಹಾಗೇ ಇರುತ್ತೆ. ಕೂಲೆಂಟ್ ಆದರೆ ಜಾರುತ್ತೆ, ಒಂಥರಾ ಸಿಹಿ ವಾಸನೆ. ರುಚಿ ಮಾತ್ರ ನೋಡಬೇಡಿ, ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ ಬೆಕ್ಕು ಇದ್ದರೆ ನೆಕ್ಕದ ಹಾಗೆ ನೋಡಿಕೊಳ್ಳಿ.

ತಂಪುಗಾಳಿ:
ಟಿಶ್ಯೂ ಎಲ್ಲ ಆಮೇಲೆ. ಮೊದಲು ಡ್ರೈನ್.

ಒದ್ದೆಮ್ಯಾಟ್:
ಅಣ್ಣಾ, ಎಸಿ ಕಂಪ್ರೆಸರ್ ಕೆಟ್ಟು ಎರಡು ವರ್ಷ ಆಯ್ತು. ಹೇಳಬೇಕು ಅಂತ ಹೊಳೆಯಲಿಲ್ಲ. ಹಸಿರು ಬಣ್ಣ, ಜಾರುತ್ತೆ, ವಾಸನೆಯೂ ಇದೆ. ಗಾಜಿನ ಮೇಲೆ ಎಣ್ಣೆ ಸವರಿದ ಹಾಗೆ ಪೊರೆ, ಒರೆಸಿದಷ್ಟೂ ಹರಡುತ್ತೆ. ವಾರಕ್ಕೆ ಒಂದು ಲೋಟದಷ್ಟು ಕೂಲೆಂಟ್ ಸೇರಿಸುತ್ತಿದ್ದೇನೆ. ಹಾಂ, ಸೋರಿಕೆ ನಿಲ್ಲಿಸುವ ಬಾಟಲಿಯನ್ನೂ ಒಂದು ಸುರಿದಿದ್ದೆ. ನಾಲ್ಕು ದಿನ ನಿಂತಿತ್ತು.

ಹಳೇಸ್ಪ್ಯಾನರ್:
ಇದನ್ನಲ್ಲವಾ ಮೊದಲೇ ಹೇಳಬೇಕಿದ್ದು! ಹೀಟರ್ ಕೋರ್ ಅಂದರೆ ಬಿಸಿ ಕೂಲೆಂಟ್ ಹರಿಯುವ ಒಂದು ಪುಟಾಣಿ ರೇಡಿಯೇಟರ್, ಅದರ ನಳಿಗೆಗಳು ತುಂಬಾ ಸಣ್ಣ. ಆ ಮದ್ದು ತೂತು ಮುಚ್ಚುವುದಕ್ಕಿಂತ ಮೊದಲು ದಾರಿಯನ್ನೇ ಮುಚ್ಚಿಬಿಡಬಹುದು. ಇನ್ನೊಂದು ಬಾಟಲಿ ಮುಟ್ಟಬೇಡಿ.

ತಾಮ್ರದಕೋರ್:
ರಿಪೇರಿ ಆಗಲ್ಲ ಅಂತ ಯಾರು ಹೇಳಿದ್ದು? ನನ್ನ ಹಳೇ ಜೀಪಿನ ತಾಮ್ರ-ಹಿತ್ತಾಳೆ ಕೋರ್‌ಗೆ ನಾನೇ ಸೋಲ್ಡರ್ ಹಾಕಿದ್ದೆ, ಇವತ್ತಿಗೂ ಒಂದು ಹನಿ ಇಲ್ಲ. ಜೊತೆಗೆ ಎರಡನೇ ಫ್ಯಾನು, ಬೇರೆ ಟೆಂಪರೇಚರ್ ಮೀಟರು, ಅಲ್ಯೂಮಿನಿಯಂ ಬಾಟಲಿ ಎಲ್ಲ ಕೂರಿಸಿದ್ದೇನೆ. ಫೋಟೋ ಬೇಕಾದರೆ ಹಾಕುತ್ತೇನೆ. ಮತ್ತೆ ಹಸಿರು ಕೂಲೆಂಟ್ ಯಾಕೆ ಹಾಕ್ತೀರಿ? ಕೆಂಪೇ ಒಳ್ಳೆಯದು.

ಹಳೇಸ್ಪ್ಯಾನರ್:
ಬಣ್ಣದಲ್ಲಿ ಏನೂ ಇಲ್ಲ, ಅದು ಬರೀ ಡೈ. ಗಾಡಿಯ ಪುಸ್ತಕದಲ್ಲಿ ಯಾವ ಬಗೆ ಅಂತ ಬರೆದಿದೆಯೋ ಅದನ್ನು ಹಾಕಬೇಕು.

ತಾಮ್ರದಕೋರ್:
ಹದಿನೈದು ವರ್ಷದಿಂದ ಕೆಂಪೇ ಹಾಕ್ತಿದ್ದೇನೆ ಸ್ವಾಮಿ. ನನಗೆ ಪಾಠ ಬೇಡ.

ಹಳೇಸ್ಪ್ಯಾನರ್:
ಸರಿ, ನೀವೇ ಗೆದ್ದಿರಿ. ಒದ್ದೆಮ್ಯಾಟ್ ಅವರೇ, ನಿಮ್ಮ ವಿಷಯಕ್ಕೆ ಬರೋಣ. ತಾಮ್ರದ ಕೋರ್ ಆದರೆ ಬೆಸುಗೆ ನಿಲ್ಲುತ್ತೆ, ಅವರು ಹೇಳಿದ್ದು ಸುಳ್ಳಲ್ಲ. ಈಗಿನ ಗಾಡಿಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂ ಕೋರ್, ತುಂಬಾ ಕಡೆ ಅದಕ್ಕೆ ಪ್ಲಾಸ್ಟಿಕ್ ಟ್ಯಾಂಕ್ ಅಮುಕಿ ಕೂರಿಸಿರುತ್ತಾರೆ. ಆ ಅಂಚು ಸೋರಿದರೆ ಬೆಸುಗೆ ಹಾಕುವುದಕ್ಕೆ ಜಾಗವೇ ಇಲ್ಲ. ಆದರೆ ಪೈಪ್ ಬಂದು ಕೋರ್‌ಗೆ ಸೇರುವ ಕಡೆ ಓ-ರಿಂಗ್ ಅನ್ನೋ ರಬ್ಬರ್ ಬಳೆ ಇರುತ್ತೆ. ಎಷ್ಟೋ ಸಲ ಅದು ಒಣಗಿ ಸೋರಿರುತ್ತೆ, ಬೈಗುಳ ಮಾತ್ರ ಕೋರ್‌ಗೆ. ಅದಕ್ಕೇ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಬಾಯಿಗೆ ಪ್ರೆಶರ್ ಪಂಪ್ ಹಾಕಿ. ಮುಚ್ಚಳದ ಮೇಲೆ ಬರೆದಿರುವ ಒತ್ತಡಕ್ಕಿಂತ ಜಾಸ್ತಿ ಒತ್ತಬೇಡಿ. ಗ್ಲೌವ್ ಬಾಕ್ಸ್ ತೆಗೆದು ಎಲ್ಲಿ ಸೋರುತ್ತೆ ಅಂತ ಟಾರ್ಚ್ ಬಿಟ್ಟು ನೋಡಿ. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಮುಖ ಸುಡುತ್ತೆ, ನೆನಪಿರಲಿ.

ಒದ್ದೆಮ್ಯಾಟ್:
ಗೆಳೆಯನ ಹತ್ತಿರ ಪಂಪ್ ತಂದೆ. ಮುಚ್ಚಳದ ಮೇಲೆ 1.1 ಬಾರ್ ಅಂತಿತ್ತು, ನಾನು 1ಕ್ಕೆ ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ಮುಳ್ಳು 0.7ಕ್ಕೆ ಇಳಿಯಿತು. ಕಣ್ಣಿಗೆ ಏನೂ ಕಾಣಲಿಲ್ಲ, ಸಂದಿಯಲ್ಲಿ ಫೋನ್ ತೂರಿಸಿ ವಿಡಿಯೋ ತೆಗೆದೆ. ಓ-ರಿಂಗ್ ಹತ್ತಿರ ಧೂಳು ಒಣಗಿಯೇ ಇದೆ. ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚಲ್ಲಿ ಒಂದು ಹಸಿರು ಹನಿ ದಪ್ಪ ಆಗ್ತಾ ಆಗ್ತಾ ಬಿತ್ತು, ಆಮೇಲೆ ಇನ್ನೊಂದು.

ಹಳೇಸ್ಪ್ಯಾನರ್:
ಹಾಗಾದರೆ ಮುಗೀತು, ಹೊಸ ಕೋರ್. ಕೆಲಸದಲ್ಲಿ ಮುಕ್ಕಾಲು ಪಾಲು ಡ್ಯಾಶ್‌ಬೋರ್ಡ್ ಇಳಿಸಿ ಏರಿಸುವುದೇ, ಅದಕ್ಕೇ ಅಲ್ಲಿ ಮತ್ತೆ ಹಳೇ ಕೋರ್ ಕೂರಿಸಬೇಡಿ. ಓ-ರಿಂಗು, ಎರಡು ಹೋಸು ಜೊತೆಗೇ ಬದಲಾಯಿಸಿ. ಏರ್‌ಬ್ಯಾಗ್ ಇದೆ, ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ. ಎಸಿ ಕಾಯಿಲ್ ಕೂಡ ಕೋರ್ ಇರುವ ಪೆಟ್ಟಿಗೆಯಲ್ಲೇ ಇದ್ದರೆ ಗ್ಯಾಸ್ ಅನ್ನು ಮೆಷಿನ್‌ನಲ್ಲಿ ತೆಗೆಸಬೇಕು. ಕಂಪ್ರೆಸರ್ ಕೆಟ್ಟ ಮಾತ್ರಕ್ಕೆ ಗ್ಯಾಸ್ ಖಾಲಿ ಅಂತಲ್ಲ.

ಅಲ್ಲಿಯವರೆಗೆ ಬೈಪಾಸ್ ಮಾಡಿ ಓಡಿಸಬಹುದು. ಬಾನೆಟ್ ಕಡೆ ಕೋರ್‌ಗೆ ಹೋಗುವ ಹೋಸು, ವಾಪಸ್ ಬರುವ ಹೋಸು ಎರಡನ್ನೂ ಒಂದಕ್ಕೊಂದು ಜೋಡಿಸಿ. ಹೋಸಿನ ಬಾಯಿ ಮುಚ್ಚಿ ಬಿಡಬೇಡಿ, ಕೆಲವು ಎಂಜಿನ್‌ಗಳಿಗೆ ಆ ಹರಿವು ಬೇಕು. ಹೋಸನ್ನು ತಿರುಚಿ ಎಳೆದರೆ ಕೋರ್‌ನ ಪೈಪೇ ಕಿತ್ತು ಬರುತ್ತೆ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಆಮೇಲೆ ಕೂಲೆಂಟ್ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದನ್ನು ಮರೆಯಬೇಡಿ.

ಒದ್ದೆಮ್ಯಾಟ್:
ಬೈಪಾಸ್ ಮಾಡಿ ಒಂಬತ್ತು ದಿನ ಆಯ್ತು. ಕೂಲೆಂಟ್ ಗೆರೆ ಅಲುಗಿಲ್ಲ, ಗಾಜೂ ಸ್ವಚ್ಛ. ಬಿಸಿಗಾಳಿ ಇಲ್ಲ, ಇರಲಿ. ಹೊಸ ಕೋರ್ ಬಂದಿದೆ, ನಾಳೆ ಬಿಚ್ಚುತ್ತೇನೆ.

ತಾಮ್ರದಕೋರ್:
ಅಲ್ಯೂಮಿನಿಯಂದೇ ತಂದಿರಾ? ಅಯ್ಯೋ.

ತಂಪುಗಾಳಿ:
ಬಿಚ್ಚಿದಾಗ ಡ್ರೈನ್ ಪೈಪ್ ಒಂದ್ಸಲ ನೋಡಿ. ಕಟ್ಟಿಕೊಂಡೇ ಇರುತ್ತೆ, ಬೇಕಾದರೆ ಬರೆದುಕೊಡುತ್ತೇನೆ.

ಒದ್ದೆಮ್ಯಾಟ್:
ನೋಡಿದೆ. ಕಟ್ಟಿಕೊಂಡಿತ್ತು. ತಂತಿ ಹಾಕಿ ಕೆದಕಿದರೆ ಎಲೆ, ಮಣ್ಣು, ಹಿಂದೆಯೇ ಅರ್ಧ ಲೋಟ ಹಸಿರು ಕೂಲೆಂಟ್. ಅದು ಸರಿ ಇದ್ದಿದ್ದರೆ ಮ್ಯಾಟ್ ಒದ್ದೆ ಆಗ್ತಾನೇ ಇರಲಿಲ್ಲವೇನೋ, ಎಲ್ಲ ರಸ್ತೆಗೆ ಹೋಗಿ ನನಗೆ ಗೊತ್ತೇ ಆಗ್ತಿರಲಿಲ್ಲ.

ತಂಪುಗಾಳಿ:
ಹೇಳಿದ್ದೆ ತಾನೇ.